ಕಾಗದದ ಮೃಗಗಳೂ ಕಾಡಿನ ಮೃಗಗಳೂ

ಮಕ್ಕಳಿಗೆ ಏನನ್ನಾದರೂ ಕೂಡಿಡುವ ಹವ್ಯಾಸ ಹೊಸತೇನೂ ಅಲ್ಲ. ಗುಲಗಂಜಿ, ಮಂಜೊಟ್ಟಿ ಕಾಳು, ನವಿಲುಗರಿ, ಬಳೆಚೂರು, ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ – ಹೀಗೆ ಒಂದೊಂದು ತಲೆಮಾರಿನ ಮಕ್ಕಳ ಜೇಬಿನಲ್ಲಿ ಒಂದೊಂದು ಬಗೆಯ ನಿಧಿ. ಚೂಯಿಂಗ್ ಗಮ್ಮಿನ ಪೊಟ್ಟಣದೊಳಗೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳಿಗಾಗಿ ೧೯೮೦ರ ದಶಕದ ಹುಡುಗರು ಪ್ರಾಣ ಬಿಡುತ್ತಿದ್ದರು. ೧೯೯೦ರ ದಶಕದಲ್ಲಿ ಕುಸ್ತಿಪಟುಗಳ ಎತ್ತರ, ತೂಕ, ಎದೆಯಳತೆ ಬರೆದ ಟ್ರಂಪ್ ಕಾರ್ಡುಗಳು ಬಂದುವು. ಈಗಿನ ಮಕ್ಕಳ ನಿಧಿಯ ಹೆಸರು ಪೋಕೆಮಾನ್ ಕಾರ್ಡು.

ಇದು ಬೆಂಗಳೂರು, ಮಂಗಳೂರಿನಂತಹ ಪಟ್ಟಣದ ಮಕ್ಕಳಿಗೆ ಮೀಸಲಾದ ವಸ್ತು ಎಂದು ಯಾರಾದರೂ ತಿಳಿದಿದ್ದರೆ ಅವರು ಒಮ್ಮೆ ದಿಂಬಂಗೆ ಬಂದು ನೋಡಬೇಕು. ಆನೆಯ ಲದ್ದಿಯನ್ನು ದಾಟಿಕೊಂಡು ಶಾಲೆಗೆ ಬರುವ ಹುಡುಗನ ಚೀಲದಲ್ಲಿಯೂ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು ಇದೆ. ಬೆಂಕಿಯುಗುಳುವ ರೆಕ್ಕೆಯ ಪ್ರಾಣಿ, ಬೆನ್ನಿನ ಮೇಲೆ ಫಿರಂಗಿ ಹೊತ್ತ ಆಮೆ, ಕೆನ್ನೆಯಲ್ಲಿ ಮಿಂಚು ತುಂಬಿಕೊಂಡ ಹಳದಿ ಇಲಿ – ಇವೆಲ್ಲದರ ಹೆಸರು, ಬಲ, ದೌರ್ಬಲ್ಯಗಳು ಅವನಿಗೆ ಬಾಯಿಪಾಠ. ಮಗ್ಗಿ ಕೇಳಿದರೆ ಮಾತ್ರ ಹದಿಮೂರರಲ್ಲಿ ತಡವರಿಸುತ್ತಾನೆ.

ಘಟ್ಟದ ಮೇಲಿನ ಊರು

ದಿಂಬಂ ಎಂದರೆ ಎಲ್ಲಿ ಎಂದು ಕಾಸರಗೋಡಿನ ವಾಚಕರು ಕೇಳಬಹುದು. ತಮಿಳುನಾಡಿನ ಈರೋಡು ಜಿಲ್ಲೆಯ ಸತ್ಯಮಂಗಲದಿಂದ ಚಾಮರಾಜನಗರದತ್ತ ಹೊರಟರೆ, ಬಣ್ಣಾರಿ ಅಮ್ಮನ ಗುಡಿ ದಾಟಿದೊಡನೆ ಘಟ್ಟ ಆರಂಭವಾಗುತ್ತದೆ. ೨೭ ಹೇರ್‌ಪಿನ್ ತಿರುವುಗಳನ್ನು ಏರಿದ ಮೇಲೆ ಸಿಗುವ ಸಣ್ಣ ಊರೇ ದಿಂಬಂ. ಮುಂದೆ ಹಾಸನೂರು, ಅಲ್ಲಿಂದ ಒಳಗೆ ಹೋದರೆ ತಾಳವಾಡಿ. ವರನಟ ಡಾ. ರಾಜಕುಮಾರರ ಮನೆತನದ ಊರಾದ ಗಾಜನೂರು ಇರುವುದು ಈ ಸೀಮೆಯಲ್ಲಿಯೇ.

೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಪಕ್ಕದ ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಗೆರೆಯ ಎರಡು ತುದಿಗಳಲ್ಲಿ ನಾವೂ ನೀವೂ ಇದ್ದೇವೆ ಎಂದರೆ ತಪ್ಪಾಗಲಾರದು. ನಿಮ್ಮಲ್ಲಿ ಮಲೆಯಾಳ ಹೇಗೋ ಇಲ್ಲಿ ತಮಿಳು ಹಾಗೆ. ೨೦೦೬ರ ತಮಿಳು ಕಲಿಕೆಯ ಕಾನೂನು ನಮ್ಮ ಮಕ್ಕಳನ್ನು ಹೇಗೆ ಯೋಚನೆಗೆ ಹಚ್ಚಿತೋ, ಕೇರಳದ ೨೦೧೭ರ ಮಲೆಯಾಳ ಕಡ್ಡಾಯ ಕಾನೂನು ನಿಮ್ಮ ಮಕ್ಕಳನ್ನೂ ಹಾಗೆಯೇ ಹಚ್ಚಿತು. ಮನೆಯಲ್ಲಿ ಒಂದು ನುಡಿ, ಬಸ್ಸಿನ ಫಲಕದಲ್ಲಿ ಇನ್ನೊಂದು, ಆಟದ ಕಾರ್ಡಿನಲ್ಲಿ ಮೂರನೆಯದಾದ ಇಂಗ್ಲಿಷು – ಇದು ಗಡಿನಾಡ ಮಗುವಿನ ಪಾಡು.

ಸುತ್ತಲಿನ ಕಾಡು ಸಾಮಾನ್ಯವಾದುದಲ್ಲ. ಸತ್ಯಮಂಗಲದ ಅರಣ್ಯ ೨೦೦೮ರಲ್ಲಿ ವನ್ಯಜೀವಿಧಾಮವಾಯಿತು, ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದ್ದಕ್ಕಾಗಿ ೨೦೨೨ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಇದಕ್ಕೆ ದೊರೆಯಿತು. ರಸ್ತೆಯಲ್ಲಿ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತವೆಂದು ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ೨೦೨೨ರ ಫೆಬ್ರವರಿಯಿಂದ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಹಾಕಲಾಯಿತು. ಇಂತಹ ಕಾಡಿನ ಮಧ್ಯೆ ಬೆಳೆಯುವ ಮಗು ಹತ್ತು ರೂಪಾಯಿ ಕೊಟ್ಟು ಕಾಗದದ ಮೃಗವನ್ನು ಕೊಳ್ಳುತ್ತದೆ ಎಂಬುದೇ ಈ ಲೇಖನಕ್ಕೆ ಕಾರಣ.

ಕಾರ್ಡಿನಲ್ಲಿ ಏನಿದೆ?

ಮೊದಲು ಈ ಆಟವನ್ನು ತಿಳಿಯೋಣ. ತಿಳಿಯದೆ ಬೈಯುವುದು ಹಿರಿಯರಿಗೆ ಸುಲಭ. ಆದರೆ ಅದು ನ್ಯಾಯವಲ್ಲ.

ಕಾರ್ಡು ಇಸ್ಪೀಟು ಎಲೆಯಷ್ಟೇ ದೊಡ್ಡದು. ನಡುವೆ ಒಂದು ಕಲ್ಪಿತ ಪ್ರಾಣಿಯ ಚಿತ್ರ. ಮೇಲೆ ಅದರ ಹೆಸರು ಮತ್ತು ಪ್ರಾಣಬಲ. ಕೆಳಗೆ ಅದು ಹೊಡೆಯುವ ಏಟುಗಳು, ಒಂದೊಂದು ಏಟಿಗೆ ಎಷ್ಟು ಶಕ್ತಿ ಬೇಕು, ಎದುರಾಳಿಗೆ ಎಷ್ಟು ನಷ್ಟ ಎಂಬ ಲೆಕ್ಕ. ಬೆಂಕಿ, ನೀರು, ಹುಲ್ಲು, ಮಿಂಚು ಮುಂತಾದ ಗುಂಪುಗಳಿವೆ. ಬೆಂಕಿಗೆ ನೀರು ವೈರಿ. ತನ್ನ ವೈರಿಯ ಗುಂಪಿನಿಂದ ಏಟು ಬಿದ್ದರೆ ನಷ್ಟ ಇಮ್ಮಡಿ. ಮೊದಲ ಇಂಗ್ಲಿಷ್ ಕಟ್ಟಿನಲ್ಲಿ ಚಾರಿಜಾರ್ಡ್ ಎಂಬ ಬೆಂಕಿಯ ಪ್ರಾಣಿಗೆ ೧೨೦ ಪ್ರಾಣಬಲ; ಅದರ ಒಂದು ಏಟು ೧೦೦. ನೀರಿನ ಗುಂಪಿನ ಬ್ಲಾಸ್ಟಾಯ್ಸ್ ಎಂಬ ಆಮೆಯ ಏಟು ಬರಿಯ ೪೦. ಆದರೆ ಬೆಂಕಿಯ ಮೇಲೆ ಅದು ೮೦ ಆಗುತ್ತದೆ. ಎರಡೇ ಏಟಿಗೆ ಚಾರಿಜಾರ್ಡ್ ಮುಗಿಯಿತು. ಬಲಿಷ್ಠನೂ ಸೋಲುತ್ತಾನೆ, ಎದುರಿಗೆ ಯಾರಿದ್ದಾರೆ ಎಂಬುದೇ ಮುಖ್ಯ – ಇದು ಆಟದ ತಿರುಳು.

ನಿಯಮದಂತೆ ಆಡುವವನ ಕಟ್ಟಿನಲ್ಲಿ ೬೦ ಕಾರ್ಡು ಇರಬೇಕು. ಕೈಗೆ ೭ ಕಾರ್ಡು. ೬ ಕಾರ್ಡುಗಳನ್ನು ಬಹುಮಾನವೆಂದು ಮಗುಚಿಡಬೇಕು. ಎದುರಾಳಿಯ ಪ್ರಾಣಿಯೊಂದು ಬಿದ್ದಾಗ ಬಹುಮಾನದ ಕಾರ್ಡು ಎತ್ತಿಕೊಳ್ಳಬೇಕು. ಆರನ್ನೂ ಮೊದಲು ಎತ್ತಿದವನು ಗೆದ್ದ. ನಿಜ ಹೇಳಬೇಕೆಂದರೆ ನಮ್ಮ ಕಡೆಯ ಮಕ್ಕಳು ಹೀಗೆ ಆಡುವುದು ಕಡಿಮೆ. ಅವರದು ನೆಲಕ್ಕೆ ಬಡಿದು ಮಗುಚಿಸುವ ಆಟ, ಇಲ್ಲವೇ ದೊಡ್ಡ ಸಂಖ್ಯೆಯವನು ಗೆಲ್ಲುವ ಆಟ. ಅಪ್ಪಂದಿರು ಬೆಂಕಿಪೊಟ್ಟಣದ ಚಿತ್ರಗಳಲ್ಲಿ ಆಡಿದ್ದನ್ನೇ ಮಕ್ಕಳು ಜಪಾನಿನ ಕಾರ್ಡಿನಲ್ಲಿ ಆಡುತ್ತಿದ್ದಾರೆ.

ದುಂಬಿ ಹಿಡಿಯುತ್ತಿದ್ದ ಹುಡುಗ

ಪೋಕೆಮಾನ್ ಎಂಬುದು 'ಪಾಕೆಟ್ ಮಾನ್‌ಸ್ಟರ್' ಎಂಬುದರ ಮೊಟಕು ರೂಪ. ಜೇಬಿನೊಳಗಿನ ವಿಚಿತ್ರ ಪ್ರಾಣಿ ಎಂದರ್ಥ. ಇದನ್ನು ಕಲ್ಪಿಸಿದವರು ಜಪಾನಿನ ಸತೋಶಿ ತಾಜಿರಿ. ಟೋಕಿಯೊ ನಗರದ ಅಂಚಿನ ಮಚಿದ ಎಂಬಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ದುಂಬಿ, ಹುಳು ಹಿಡಿಯುವ ಹುಚ್ಚು. ಹೊಲ, ಕೆರೆಗಳು ಮುಚ್ಚಿ ಕಟ್ಟಡಗಳು ಎದ್ದಾಗ ಹುಳುಗಳು ಕಾಣೆಯಾದುವು. ಪಟ್ಟಣದ ಮಕ್ಕಳಿಗೆ ಹುಳು ಹಿಡಿಯುವ ಆ ಸಂತೋಷವನ್ನು ಮರಳಿ ಕೊಡಬೇಕೆಂಬ ಆಸೆಯಿಂದ ಅವರು ರೂಪಿಸಿದ ಆಟ ೧೯೯೬ರ ಫೆಬ್ರವರಿಯಲ್ಲಿ ನಿಂಟೆಂಡೊ ಕಂಪೆನಿಯ ಕೈಯಾಟಿಕೆಯಲ್ಲಿ ಹೊರಬಂತು. ಮೊದಲಿಗೆ ಇದ್ದುದು ೧೫೧ ಪ್ರಾಣಿಗಳು. ಅದೇ ವರ್ಷದ ಅಕ್ಟೋಬರದಲ್ಲಿ ಜಪಾನಿನಲ್ಲಿ ಕಾರ್ಡುಗಳು ಬಂದುವು. ೧೯೯೯ರಲ್ಲಿ ಇಂಗ್ಲಿಷಿಗೆ ಬಂದುವು. ಆಟದ ಕಾರ್ಡುಗಳನ್ನು ಕೂಡಿಸಿ, ಬದಲಾಯಿಸಿ, ಕಾದಾಡುವ ಈ ಕ್ರಮಕ್ಕೆ ದಾರಿ ಹಾಕಿದ್ದು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ೧೯೯೩ರಲ್ಲಿ ತಂದ 'ಮ್ಯಾಜಿಕ್' ಎಂಬ ಆಟ. ೨೦೨೪ರ ಮಾರ್ಚ್‌ವರೆಗೆ ಅಚ್ಚಾದ ಪೋಕೆಮಾನ್ ಕಾರ್ಡುಗಳ ಸಂಖ್ಯೆ ೬,೪೦೦ ಕೋಟಿಯನ್ನು ಮೀರಿತ್ತು. ಭೂಮಿಯ ಮೇಲಿನ ಒಬ್ಬೊಬ್ಬರಿಗೂ ಏಳೆಂಟು ಕಾರ್ಡು ಹಂಚಬಹುದು!

ಭಾರತದ ಮಕ್ಕಳಿಗೆ ಈ ಪ್ರಾಣಿಗಳ ಪರಿಚಯವಾದದ್ದು ೨೦೦೩ರಿಂದ ಟೆಲಿವಿಷನ್ ವ್ಯಂಗ್ಯಚಿತ್ರಗಳ ಮೂಲಕ. ಬಳಿಕ ತಿಂಡಿಯ ಪೊಟ್ಟಣಗಳಲ್ಲಿ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆಗಳು ಬಂದುವು. ಈಗ ಕಾರ್ಡುಗಳು.

ಯೋಚಿಸಿ ನೋಡಿ. ಹುಳುಹುಪ್ಪಟೆ ಕಾಣದ ಪಟ್ಟಣದ ಮಕ್ಕಳಿಗೆಂದು ಹುಟ್ಟಿದ ಆಟ, ಹುಳುಹುಪ್ಪಟೆಯ ನಡುವೆಯೇ ಬದುಕುವ ದಿಂಬಂನ ಮಗುವಿನ ಕೈಗೆ ಬಂದಿದೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯನ್ನು ನಿಮ್ಮಲ್ಲಿ ಕುರುವಾಯಿ ಎನ್ನುತ್ತಾರಲ್ಲ, ಅಂತಹದೇ ಒಂದು ಪ್ರಾಣಿ ಈ ಕಾರ್ಡುಗಳಲ್ಲಿಯೂ ಇದೆ. ಕಾರ್ಡಿನದಕ್ಕೆ ಬೆಲೆ ಉಂಟು. ಮರದ ಮೇಲಿನದಕ್ಕೆ ಚಪ್ಪಲಿಯ ಏಟು.

ನಮ್ಮಲ್ಲಿ ಇರಲಿಲ್ಲವೇ?

ಮೃಗಗಳೂ ವೀರರೂ ಕಾದಾಡುವ ಎಲೆಗಳು ಜಪಾನಿನಿಂದಲೇ ಬರಬೇಕಾಗಿರಲಿಲ್ಲ. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟ ನಮ್ಮ ನಾಡಿನಲ್ಲಿ ಶತಮಾನಗಳಿಂದ ಇತ್ತು. ಬಾಬರನು ೧೫೨೭ರಲ್ಲಿ ಸಿಂಧದ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಗಲರ ಕಟ್ಟಿನಲ್ಲಿ ೮ ಬಣ್ಣ, ೯೬ ಎಲೆ. ಹಿಂದೂಗಳ ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ೧೨ರಂತೆ ೧೨೦ ಎಲೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ – ಒಂದೊಂದಕ್ಕೂ ರಾಜ, ಮಂತ್ರಿ, ಆಮೇಲೆ ೧ರಿಂದ ೧೦ರ ಎಲೆಗಳು. ಐದು ಅವತಾರಗಳಲ್ಲಿ ೧೦ ದೊಡ್ಡದು. ಉಳಿದ ಐದರಲ್ಲಿ ೧ ದೊಡ್ಡದು. ಹಗಲಿನ ಆಟವನ್ನು ರಾಮನ ಎಲೆ ಆರಂಭಿಸಿದರೆ ರಾತ್ರಿಯ ಆಟವನ್ನು ಕೃಷ್ಣನ ಎಲೆ ಆರಂಭಿಸುತ್ತದೆ. ಇಷ್ಟನ್ನು ನೆನಪಿನಲ್ಲಿಟ್ಟು ಆಡುವುದೇನೂ ಸಾಮಾನ್ಯ ಬುದ್ಧಿಯ ಕೆಲಸವಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದ ದೊಡ್ಡ ಪ್ರೇಮಿ. ಅವರು ಹಲವು ಹೊಸ ಕಟ್ಟುಗಳನ್ನು ಕಲ್ಪಿಸಿದರು; ಚಾಮುಂಡೇಶ್ವರಿಯ ಹೆಸರಿನ ಒಂದು ಕಟ್ಟಿನಲ್ಲಿಯೇ ೩೨೦ ಎಲೆಗಳು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಇವುಗಳ ವಿವರವಿದೆ. ಅರಸರಿಗೆ ದಂತ, ಆಮೆಚಿಪ್ಪಿನ ಎಲೆ. ಬಡವರಿಗೆ ಬಟ್ಟೆ, ಕಾಗದದ ಎಲೆ. ಅಚ್ಚಿನ ಇಸ್ಪೀಟು ಬಂದ ಮೇಲೆ ಕೈಯಲ್ಲಿ ಬರೆದ ಈ ಎಲೆಗಳನ್ನು ಕೇಳುವವರಿಲ್ಲವಾಯಿತು. ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಆ ಚಿತ್ರಕಲೆಗೆ ಮರುಜೀವ ಕೊಟ್ಟರು. ಮೈಸೂರಿನ ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಅದು ಈಗ ಗೋಡೆಯ ಚಿತ್ರವಾಗಿದೆಯೇ ಹೊರತು ಮಕ್ಕಳ ಕೈಯ ಆಟವಾಗಿ ಉಳಿದಿಲ್ಲ.

ಕಾಸರಗೋಡಿನವರಿಗೆ ಇದನ್ನು ಇನ್ನೂ ಹೆಚ್ಚು ಹೇಳಬೇಕಾಗಿಲ್ಲ. ಹಂದಿಯ ಮೊಗದ ಪಂಜುರ್ಲಿ, ಹುಲಿಯ ಪಿಲಿಚಾಮುಂಡಿ, ನಿಮ್ಮ ನೆರೆಯ ಮಲೆಯಾಳಿಗರ ಪುಲಿ ತೆಯ್ಯಂ, ಯಕ್ಷಗಾನದ ಬಣ್ಣದ ವೇಷ – ಇವುಗಳ ಮುಂದೆ ಚಾರಿಜಾರ್ಡ್ ಯಾವ ಲೆಕ್ಕ? ದೈವಗಳನ್ನು ಆಟದ ಎಲೆ ಮಾಡಬೇಕೆಂದು ಹೇಳುತ್ತಿಲ್ಲ. ಭಕ್ತಿಯ ವಸ್ತು ಭಕ್ತಿಯಲ್ಲಿಯೇ ಇರಲಿ. ಮೃಗವನ್ನು ಬೆರಗಿನಿಂದ ನೋಡುವ ಕಣ್ಣು ನಮ್ಮವರಿಗೆ ಮೊದಲಿನಿಂದಲೂ ಇತ್ತು ಎಂಬುದಷ್ಟೇ ಮಾತು.

ಮುಚ್ಚಿದ ಪೊಟ್ಟಣದ ಮಾಯೆ

ಇನ್ನು ಈ ಆಟದ ಕೆಟ್ಟ ಮುಖ. ಒಂದು ದಿನ ಕೂಲಿಗೆ ಹೋಗುವ ತಾಯಿಯೊಬ್ಬಳು ಶಾಲೆಯ ಬಾಗಿಲಿಗೆ ಬಂದು, "ಸಾ, ಪುಸ್ತಕ ತಕ್ಕಬೇಕು ಅಂತ ಕಾಸು ಈಸ್ಕಂಡು ಹೋದ. ನೋಡುದ್ರ ಈ ಚೀಟಿಯ ತಂದವ್ನ" ಎಂದು ಸೆರಗಿನಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಎಣಿಸಿದರೆ ೬೩ ಕಾರ್ಡುಗಳು. ಒಂದೇ ಪ್ರಾಣಿಯವು ಒಂಬತ್ತು. ಹುಡುಗ ತಲೆತಗ್ಗಿಸಿ ನಿಂತಿದ್ದ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ಹೊಳೆಯುವ ಕಾರ್ಡು. ಅದೊಂದೇ ಅವನಿಗೆ ಸಿಕ್ಕಿರಲಿಲ್ಲ.

ಮಗು ಬೇಕಾದ ಕಾರ್ಡನ್ನು ಕೇಳಿ ಕೊಳ್ಳುವಂತಿಲ್ಲ. ಪೊಟ್ಟಣ ಮುಚ್ಚಿದೆ, ಒಳಗೆ ಏನಿದೆಯೋ ಅದೃಷ್ಟ. ತಮಿಳುನಾಡು ೨೦೦೩ರಲ್ಲಿಯೂ ಕರ್ನಾಟಕ ೨೦೦೭ರಲ್ಲಿಯೂ ಲಾಟರಿಯನ್ನು ನಿಲ್ಲಿಸಿದುವು. ಕೇರಳದಲ್ಲಿ ೧೯೬೭ರಿಂದ ಸರಕಾರವೇ ಅದನ್ನು ನಡೆಸುತ್ತಿರುವುದರಿಂದ ನಿಮಗೆ ಅದರ ಆಸೆಯೂ ನಿರಾಸೆಯೂ ಗೊತ್ತು. ದೊಡ್ಡವರ ಲಾಟರಿಗೆ ಕಾನೂನು ಇದೆ. ಮಕ್ಕಳ ಲಾಟರಿ ಮಿಠಾಯಿಯ ಡಬ್ಬಿಯ ಪಕ್ಕದಲ್ಲಿಯೇ ತೂಗುತ್ತದೆ. ೧೯೯೯ರಲ್ಲಿಯೇ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಹೆತ್ತವರು ಇದು ಜೂಜು ಎಂದು ನ್ಯಾಯಾಲಯದ ಮೆಟ್ಟಿಲೇರಿದ್ದರು. ಆಗ ಅಲ್ಲಿನ ಹಲವು ಶಾಲೆಗಳು ಕಾರ್ಡು ತರುವುದನ್ನೇ ನಿಷೇಧಿಸಿದ್ದುವು.

ಬೈಯುವುದಕ್ಕಿಂತ ಲೆಕ್ಕ ಮಾಡಿಸುವುದು ಮೇಲೆಂದು ಮರುದಿನ ಕಪ್ಪುಹಲಗೆಯ ಮೇಲೆ ಇದನ್ನೇ ಬರೆದೆ. ಮೊದಲ ಇಂಗ್ಲಿಷ್ ಕಟ್ಟಿನಲ್ಲಿ ಒಟ್ಟು ೧೦೨ ಕಾರ್ಡು. ಅದರಲ್ಲಿ ಮಿನುಗುವ ಅಪರೂಪದ ಕಾರ್ಡು ೧೬. ಸುಮಾರು ಮೂರು ಪೊಟ್ಟಣಕ್ಕೆ ಒಂದರಂತೆ ಮಿನುಗುವ ಕಾರ್ಡು ಬರುತ್ತಿತ್ತು. ಹಾಗಾದರೆ ನಮಗೆ ಬೇಕಾದ ಒಂದೇ ಮಿನುಗುವ ಕಾರ್ಡು ಸಿಗಲು ಸರಾಸರಿ ಎಷ್ಟು ಪೊಟ್ಟಣ ಒಡೆಯಬೇಕು? ೧೬ನ್ನು ೩ರಿಂದ ಗುಣಿಸಿ: ೪೮. ಪೊಟ್ಟಣಕ್ಕೆ ಹತ್ತೇ ರೂಪಾಯಿ ಎಂದುಕೊಂಡರೂ ೪೮೦ ರೂಪಾಯಿ. ಹದಿನಾರನ್ನೂ ಕೂಡಿಸಬೇಕಾದರೆ? ಮೊದಲನೆಯದು ಸುಲಭ, ಏಕೆಂದರೆ ಯಾವುದು ಬಂದರೂ ಹೊಸದೇ. ಕೊನೆಯದು ಕಷ್ಟ, ಏಕೆಂದರೆ ಹದಿನೈದು ನಮ್ಮಲ್ಲಿ ಆಗಲೇ ಇವೆ. ಲೆಕ್ಕ ಹಾಕಿದರೆ ಸರಾಸರಿ ೫೪ ಮಿನುಗುವ ಕಾರ್ಡು ಬರಬೇಕು, ಅಂದರೆ ೧೬೨ ಪೊಟ್ಟಣ! ಅದರಲ್ಲಿ ಕೊನೆಯ ಒಂದು ಕಾರ್ಡಿಗಾಗಿಯೇ ೪೮ ಪೊಟ್ಟಣ.

ತರಗತಿ ಸ್ತಬ್ಧವಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾ, ಬದಲಾಯಿಸ್ಕಂಡ್ರ?" ಎಂದಳು. ಸರಿಯಾದ ಮಾತು! ಹತ್ತು ಮಂದಿ ತಮ್ಮಲ್ಲಿ ಹೆಚ್ಚಾದುದನ್ನು ಒಬ್ಬರಿಗೊಬ್ಬರು ಕೊಟ್ಟರೆ ಖರ್ಚು ಎಷ್ಟೋ ಪಟ್ಟು ಇಳಿಯುತ್ತದೆ. ವ್ಯಾಪಾರಿಗೆ ಲಾಭ ಮುಚ್ಚಿದ ಪೊಟ್ಟಣದಲ್ಲಿ. ಮಕ್ಕಳಿಗೆ ಲಾಭ ಸ್ನೇಹದಲ್ಲಿ.

ನಮ್ಮ ಕಡೆ ಮಾರಾಟವಾಗುವ ಅಗ್ಗದ ಕಾರ್ಡುಗಳಲ್ಲಿ ಬಹುಪಾಲು ನಕಲಿ ಎಂಬುದೂ ಹೆತ್ತವರಿಗೆ ತಿಳಿದಿರಲಿ. ಅಕ್ಷರ ತಪ್ಪು, ಮಾಸಲು ಬಣ್ಣ, ಇಲ್ಲದ ಪ್ರಾಣಬಲ – ನೋಡಿದೊಡನೆ ಗೊತ್ತಾಗುತ್ತದೆ. ಅಸಲಿ ಕಾರ್ಡಿನ ಎರಡು ಪದರಗಳ ನಡುವೆ ಕಪ್ಪಾದ ತೆಳು ಪದರವಿರುವುದರಿಂದ ಟಾರ್ಚಿನ ಬೆಳಕು ಸುಲಭವಾಗಿ ಹಾದುಬರುವುದಿಲ್ಲ. ನಕಲಿಯಲ್ಲಿ ಬೆಳಕು ಧಾರಾಳವಾಗಿ ಕಾಣುತ್ತದೆ. ೨೦೨೧ರಲ್ಲಿ ಒಂದು ಪಿಕಾಚು ಕಾರ್ಡು ೫೨.೭೫ ಲಕ್ಷ ಡಾಲರಿಗೆ ಮಾರಾಟವಾಯಿತೆಂಬ ಸುದ್ದಿ ಹಳ್ಳಿಯ ಮಕ್ಕಳ ಕಿವಿಗೂ ಬಿದ್ದಿದೆ. ಅದು ಜಪಾನಿನಲ್ಲಿ ಚಿತ್ರಸ್ಪರ್ಧೆಯ ವಿಜೇತರಿಗೆಂದು ಸುಮಾರು ೪೦ರಷ್ಟೇ ಅಚ್ಚಾದ ಕಾರ್ಡು. ಪೆಟ್ಟಿಗೆಯಂಗಡಿಯ ಪೊಟ್ಟಣದಿಂದ ಅದು ಹೊರಬರುವುದಿಲ್ಲ ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಕೇಂಬ್ರಿಜ್ಜಿನ ಒಂದು ಪರೀಕ್ಷೆ

ಆದರೆ ಹಣಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ೨೦೦೨ರ ಮಾರ್ಚ್ ತಿಂಗಳ 'ಸೈನ್ಸ್' ಪತ್ರಿಕೆಯಲ್ಲಿ ಕೇಂಬ್ರಿಜ್ಜಿನ ಆಂಡ್ರೂ ಬಾಲ್ಮ್‌ಫರ್ಡ್ ಮತ್ತು ಸಂಗಡಿಗರು ಒಂದು ಸಣ್ಣ ವರದಿ ಪ್ರಕಟಿಸಿದರು. ಬ್ರಿಟನ್ನಿನ ೧೦೯ ಮಂದಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡು ಬಗೆಯ ಕಾರ್ಡು ತೋರಿಸಿ ಹೆಸರು ಕೇಳಿದರು. ಒಂದು ಬಗೆಯಲ್ಲಿ ಆ ನಾಡಿನ ಸಾಮಾನ್ಯ ಪ್ರಾಣಿ, ಗಿಡಗಳು, ಇನ್ನೊಂದರಲ್ಲಿ ಪೋಕೆಮಾನ್. ನಾಲ್ಕು ವರ್ಷದ ಮಕ್ಕಳು ನಿಜವಾದ ಜೀವಿಗಳಲ್ಲಿ ಶೇಕಡಾ ೩೨ನ್ನು ಗುರುತಿಸಿದರು, ಪೋಕೆಮಾನ್‌ಗಳಲ್ಲಿ ಶೇಕಡಾ ೭ನ್ನು. ಎಂಟು ವರ್ಷಕ್ಕೆ ಬರುವಾಗ ನಿಜವಾದ ಜೀವಿಗಳು ಶೇಕಡಾ ೫೩. ಪೋಕೆಮಾನ್ ಶೇಕಡಾ ೭೮!

ಈ ಅಂಕಿಗಳಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಮಕ್ಕಳ ನೆನಪಿನ ಶಕ್ತಿಗೆ ಏನೂ ಕೊರತೆಯಿಲ್ಲ. 'ಈಗಿನ ಮಕ್ಕಳ ತಲೆಗೆ ಏನೂ ಹತ್ತುವುದಿಲ್ಲ' ಎಂಬ ನಮ್ಮ ಉಪಾಧ್ಯಾಯರ ಕೊಠಡಿಯ ಮಾತು ನಿಜವಲ್ಲ. ಇನ್ನೊಂದು, ಹೆಸರು ತಿಳಿಯದ ಜೀವಿಯ ಬಗ್ಗೆ ಯಾರಿಗೂ ಕಾಳಜಿ ಹುಟ್ಟುವುದಿಲ್ಲ. ಹೆಸರೇ ಗೊತ್ತಿಲ್ಲದ ಹಕ್ಕಿ ನಾಳೆ ಇಲ್ಲವಾದರೆ ಅಳುವವರು ಯಾರು?

ದಿಂಬಂನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದಾಗ ಆದ ಅನುಭವ ಕೇಳಿ. ಮಕ್ಕಳು ಆನೆ, ಹುಲಿ, ಚಿರತೆ, ಕರಡಿ, ಜಿಂಕೆ, ಕಡವೆಗಳನ್ನು ತಡೆಯಿಲ್ಲದೆ ಹೇಳಿದರು. ಚಿಪ್ಪುಹಂದಿ, ಕಾಡುಪಾಪ, ಕತ್ತೆಕಿರುಬ, ಕೊಂಡುಕುರಿಗಳ ಚಿತ್ರ ಬಂದಾಗ ಮೌನ. ಹಕ್ಕಿಗಳಿಗೆ ಬಂದರೆ 'ಯಾವುದೋ ಹಕ್ಕಿ ಸಾ'. ಚಿಟ್ಟೆಗಳೆಲ್ಲ ಬರಿಯ ಚಿಟ್ಟೆ. ಎಲ್ಲಕ್ಕೂ ಹೆಸರು ಹೇಳಿದವಳು ಸೋಲಿಗರ ಹಾಡಿಯಿಂದ ಬರುವ ಒಬ್ಬ ಹುಡುಗಿ ಮಾತ್ರ. ಅವಳು ಹೇಳಿದ ಹೆಸರುಗಳಲ್ಲಿ ಕೆಲವು ಪಠ್ಯಪುಸ್ತಕದಲ್ಲಿ ಇಲ್ಲದವು. ಜೇನಿಗೆ ಹೋಗುವ ಅಜ್ಜನಿಂದ ಕಲಿತವು. ತರಗತಿಯಲ್ಲಿ ಅದುವರೆಗೆ ಬಾಯಿ ತೆರೆಯದ ಹುಡುಗಿ ಅವಳು.

ನಮ್ಮ ಕಾಡಿನ ಕಾರ್ಡು

ಅಲ್ಲಿಂದ ಆರಂಭವಾಯಿತು ನಮ್ಮ ಕೆಲಸ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿದೆವು. ಮಕ್ಕಳೇ ಚಿತ್ರ ಬರೆದರು. ಮೇಲೆ ಹೆಸರು, ಮಧ್ಯೆ ಚಿತ್ರ, ಕೆಳಗೆ ಆಹಾರ, ವಾಸ, ಬಲ ಮತ್ತು ದೌರ್ಬಲ್ಯ. ಬಲಕ್ಕೆ ಅಂಕ ಕೊಡುವಾಗ ದೊಡ್ಡ ವಾದ. ಆನೆಗೆ ನೂರು ಎಂದು ಎಲ್ಲರೂ ಒಪ್ಪಿದರು. ಹುಲಿ ದೊಡ್ಡದೋ, ಗುಂಪಾಗಿ ಬರುವ ಸೀಳುನಾಯಿ ದೊಡ್ಡದೋ ಎಂಬ ಚರ್ಚೆಗೆ ಒಂದು ಇಡೀ ಪೀರಿಯಡ್ಡು ಹೋಯಿತು. ಒಂಟಿ ಸೀಳುನಾಯಿಗೆ ಹತ್ತು, ಗುಂಪಿಗೆ ಎಪ್ಪತ್ತು ಎಂದು ಕೊನೆಗೆ ತೀರ್ಮಾನ.

ದೌರ್ಬಲ್ಯದ ಸಾಲು ಬರೆಯುವಾಗ ಮಕ್ಕಳು ತಾವಾಗಿಯೇ ಪಾಠ ಕಲಿತರು. ಪೋಕೆಮಾನ್‌ನಲ್ಲಿ ಬೆಂಕಿಗೆ ನೀರು ವೈರಿ. ಕಾಡಿನ ಪ್ರಾಣಿಗೆ ವೈರಿ ಯಾರು? ರಣಹದ್ದಿನ ಕಾರ್ಡಿನಲ್ಲಿ 'ದೌರ್ಬಲ್ಯ: ಡೈಕ್ಲೊಫೆನಾಕ್' ಎಂದು ಬರೆದೆವು. ಅದು ದನಗಳ ನೋವಿಗೆ ಕೊಡುತ್ತಿದ್ದ ಔಷಧ. ಆ ಔಷಧ ತಿಂದ ದನ ಸತ್ತು, ಅದರ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ದೇಶದಾದ್ಯಂತ ಲಕ್ಷಗಟ್ಟಲೆ ಸತ್ತುವು. ೨೦೦೬ರಲ್ಲಿ ಭಾರತ ಸರಕಾರ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಈ ಕಾಡಿನ ತಪ್ಪಲಿನ ಮೋಯಾರ್ ಕಣಿವೆ ದಕ್ಷಿಣ ಭಾರತದಲ್ಲಿ ರಣಹದ್ದುಗಳು ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದು. ಜಿಂಕೆಯ ವೈರಿ ಎಂದು ಹುಲಿಯ ಜತೆಗೆ ಒಬ್ಬ ಹುಡುಗ 'ಲಾರಿ' ಎಂದೂ ಬರೆದ. ಇನ್ನೊಬ್ಬಳು ಆನೆಯ ವೈರಿ 'ಲಂಟಾನ' ಎಂದಳು. ಆ ಮುಳ್ಳುಪೊದೆ ಹಬ್ಬಿದ ಕಡೆ ಹುಲ್ಲು ಬೆಳೆಯುವುದಿಲ್ಲವೆಂದು ಅವಳ ಅಪ್ಪ ಹೇಳಿದ್ದನಂತೆ. ಎರಡೂ ಸರಿ.

ಪೋಕೆಮಾನ್‌ನಲ್ಲಿ ಒಂದು ಕಂಬಳಿಹುಳು ಕೋಶವಾಗಿ, ಕೋಶ ಚಿಟ್ಟೆಯಾಗುತ್ತದೆ. ಅದಕ್ಕೆ ಅವರು 'ವಿಕಾಸ' ಎಂದು ಹೆಸರಿಟ್ಟಿದ್ದಾರೆ. ವಿಜ್ಞಾನದ ದೃಷ್ಟಿಯಿಂದ ಇದು ತಪ್ಪು. ಒಂದೇ ಜೀವಿ ತನ್ನ ಆಯುಷ್ಯದಲ್ಲಿ ರೂಪ ಬದಲಿಸುವುದು ರೂಪಾಂತರ. ವಿಕಾಸವೆಂದರೆ ತಲೆಮಾರು ತಲೆಮಾರುಗಳಲ್ಲಿ ನಡೆಯುವ ಬದಲಾವಣೆ. ಈ ವ್ಯತ್ಯಾಸವನ್ನು ಪುಸ್ತಕದಿಂದ ಮೂರು ಬಾರಿ ಓದಿಸಿದಾಗ ತಿಳಿಯದಿದ್ದವರು ಕಾರ್ಡಿನಿಂದ ಒಂದೇ ಬಾರಿಗೆ ತಿಳಿದುಕೊಂಡರು.

ಆಟದ ನಿಯಮ ಒಂದೇ: ಎಲೆಯನ್ನು ಇಳಿಸುವವರು ಪ್ರಾಣಿಯ ಹೆಸರನ್ನು ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿ, ಅದರ ಬಗ್ಗೆ ತಾವು ಕಣ್ಣಾರೆ ಕಂಡ ಅಥವಾ ಮನೆಯ ಹಿರಿಯರಿಂದ ಕೇಳಿದ ಒಂದು ಸಂಗತಿಯನ್ನು ಹೇಳಬೇಕು. ಹೇಳದಿದ್ದರೆ ಎಲೆ ನಡೆಯದು. ಇದರಿಂದ ಅಜ್ಜ ಅಜ್ಜಿಯರಿಗೆ ಬೆಲೆ ಬಂತು. ಸಂಜೆ ಟೆಲಿವಿಷನ್ ಮುಂದೆ ಕೂರುತ್ತಿದ್ದ ಮಕ್ಕಳು ಅಜ್ಜಿಯ ಹತ್ತಿರ ಹೋಗಿ, 'ಅಜ್ಜಿ, ಕಾಡುಪಾಪ ನೀ ನೋಡಿದ್ದೀಯಾ?' ಎಂದು ಕೇಳತೊಡಗಿದರು. ಕಾರ್ಡಿಗೆ ಕಾಸಿಲ್ಲ, ಪೊಟ್ಟಣ ಮುಚ್ಚಿಲ್ಲ. ಇನ್ನೊಂದು ಬೇಕಾದರೆ ಇನ್ನೊಂದು ಬರೆದರಾಯಿತು.

ತಮಿಳು ಮಾಧ್ಯಮದ ಮಕ್ಕಳೂ ಆಟಕ್ಕೆ ಬಂದಾಗ ಕಾರ್ಡಿನ ಕೆಳಗೆ ಎರಡನೆಯ ಹೆಸರು ಸೇರಿತು. ಅಲ್ಲಿ ಒಂದು ಸ್ವಾರಸ್ಯ ಹೊರಬಿತ್ತು. ಸೀಳುನಾಯಿಗೆ ಕನ್ನಡದಲ್ಲಿ ಕೆನ್ನಾಯಿ ಎಂಬ ಹೆಸರೂ ಉಂಟು. ಕೆಂಪು ನಾಯಿ ಎಂದರ್ಥ. ತಮಿಳಿನಲ್ಲಿ ಅದೇ ಸೆನ್ನಾಯ್. ಮಲೆಯಾಳದಲ್ಲಿ ಚೆನ್ನಾಯ ಎಂದರೆ ತೋಳ! ಒಂದೇ ತಾಯಿಯ ಮಾತು ಮೂರು ಮನೆಗೆ ಹೋಗಿ, ಒಂದು ಮನೆಯಲ್ಲಿ ಬೇರೊಂದು ಪ್ರಾಣಿಗೆ ಅಂಟಿಕೊಂಡಿದೆ. ನುಡಿಗಳು ಜಗಳವಾಡುವುದಕ್ಕಲ್ಲ, ನೆಂಟಸ್ತಿಕೆಗೆ ಇರುವುದು ಎಂದು ಭಾಷಣ ಮಾಡಿ ಹೇಳುವುದಕ್ಕಿಂತ ಇದು ಲೇಸಲ್ಲವೇ?

ಈ ಯೋಚನೆ ನಮಗೆ ಮಾತ್ರ ಬಂದುದಲ್ಲ. ಬಾಲ್ಮ್‌ಫರ್ಡ್ ಅವರ ವರದಿಯಿಂದ ಸ್ಫೂರ್ತಿಗೊಂಡು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಎನ್‌ಜಿ ಎಂಬವರು ೨೦೧೦ರಲ್ಲಿ 'ಫೈಲೊ' ಎಂಬ ನಿಜಜೀವಿಗಳ ಕಾರ್ಡಿನಾಟವನ್ನು ಆರಂಭಿಸಿದರು. ಚಿತ್ರಕಾರರೂ ವಿಜ್ಞಾನಿಗಳೂ ಶಿಕ್ಷಕರೂ ಸೇರಿ ಅದಕ್ಕೆ ಕಾರ್ಡುಗಳನ್ನು ಕೊಡುತ್ತಾ ಬಂದರು; ಯಾರು ಬೇಕಾದರೂ ಅಚ್ಚು ಹಾಕಿಕೊಂಡು ಆಡಬಹುದು.

ಕಾಸರಗೋಡಿನ ಶಾಲೆಗಳಿಗೆ ಒಂದು ಮಾತು

ಇದನ್ನು ನೀವು ಇನ್ನೂ ಚೆನ್ನಾಗಿ ಮಾಡಬಲ್ಲಿರಿ. ೨೦೨೩ರಲ್ಲಿ ಕಾಸರಗೋಡು ತನ್ನದೇ ಆದ ಜಿಲ್ಲಾ ಜೀವಿಗಳನ್ನು ಘೋಷಿಸಿಕೊಂಡಿತು; ದೇಶದಲ್ಲಿಯೇ ಹೀಗೆ ಮಾಡಿದ ಮೊದಲ ಜಿಲ್ಲೆ ನಿಮ್ಮದು. ಮರ ಕಾಸರಕ, ಊರಿಗೆ ಹೆಸರು ಬಂದುದೇ ಅದರಿಂದ ಎನ್ನುವವರಿದ್ದಾರೆ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಜೀವಿ ಚಂದ್ರಗಿರಿ ಹೊಳೆಯಲ್ಲಿ ಸಿಗುವ ಅಪರೂಪದ ದೊಡ್ಡ ಮೆದುಚಿಪ್ಪಿನ ಆಮೆ. ಬೆನ್ನಿನ ಮೇಲೆ ಫಿರಂಗಿ ಹೊತ್ತ ಜಪಾನಿನ ಆಮೆಯನ್ನು ಬಲ್ಲ ನಿಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಚಂದ್ರಗಿರಿಯ ಈ ಆಮೆಯನ್ನು ಬಲ್ಲರು? ಒಂದು ಕಾರ್ಡು ಬರೆದು ಕನ್ನಡ, ತುಳು, ಮಲೆಯಾಳ ಮೂರರಲ್ಲಿಯೂ ಹೆಸರು ಕೇಳಿ ನೋಡಿ.

ಪೋಕೆಮಾನ್ ಕಾರ್ಡನ್ನು ಕಿತ್ತು ಒಲೆಗೆ ಹಾಕಬೇಕಾಗಿಲ್ಲ. ಆ ಹುಡುಗನ ೬೩ ಕಾರ್ಡುಗಳನ್ನು ಅವನಿಗೇ ಮರಳಿ ಕೊಡಲಾಯಿತು; ಹೆಚ್ಚಾದ ಎಂಟನ್ನು ಅವನು ಬದಲಾಯಿಸಿಕೊಂಡ. ಮಗುವಿಗೆ ಹೆಸರುಗಳ ಹಸಿವು ಇದೆ. ಕಂಪೆನಿಯವನು ಆ ಹಸಿವನ್ನು ಕಂಡುಕೊಂಡು ಹೆಸರು ಕೊಟ್ಟ, ಹಣ ಪಡೆದ. ನಾವು ಕೊಡಲಿಲ್ಲ. ಗಡಿನಾಡಿನಲ್ಲಿ ಕನ್ನಡ ಉಳಿಯುವುದು ಸರಕಾರಿ ಆದೇಶಗಳಿಂದ ಮಾತ್ರವಲ್ಲ. ಅಂಗಳಕ್ಕೆ ಬರುವ ಹಕ್ಕಿಗೆ, ಬೇಲಿಯ ಮೇಲಿನ ಹುಳುವಿಗೆ, ತೊರೆಯ ಮೀನಿಗೆ ಮಗು ಯಾವ ನುಡಿಯಲ್ಲಿ ಹೆಸರು ಕರೆಯುತ್ತದೆಯೋ ಆ ನುಡಿ ಉಳಿಯುತ್ತದೆ. ಆ ಹೆಸರುಗಳನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಬೇಕಾದುದು ಒಂದು ಹಳೆಯ ಲಗ್ನಪತ್ರಿಕೆ, ಒಂದು ಕತ್ತರಿ ಮತ್ತು ಬಿಡುವಿನ ಒಂದು ಸಂಜೆ.